ಕಾರ್ಖಾನೆ ಮಾಲಿನ್ಯದ ಕಾನೂನನ್ನು ಸದನ ಪರಿಶೀಲಿಸುವಂತೆ ಮಾಡುವುದು ಹೇಗೆ?

ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದರೆ, ಮೈಸೂರು ರಸ್ತೆಯ ಪಕ್ಕದಲ್ಲಿ ವೃಷಭಾವತಿ ಕಪ್ಪಗೆ ಹರಿದರೆ, ಪೀಣ್ಯದ ಕೊಳವೆಬಾವಿಯಲ್ಲಿ ಕ್ರೋಮಿಯಂ ಸಿಕ್ಕರೆ ನಾವು ಫೋಟೊ ತೆಗೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡುತ್ತೇವೆ. ಕೊಡಲೇಬೇಕು. ಆದರೆ ದೂರಿನಿಂದ ಸಿಗುವುದು ಒಂದು ತಪಾಸಣೆ, ಬಹಳವೆಂದರೆ ಒಂದು ನೋಟಿಸು. ಯಾವ ತಪ್ಪಿಗೆ ಜೈಲು, ಯಾವುದಕ್ಕೆ ಬರೀ ದಂಡ, ಯಾವ ಕಾರ್ಖಾನೆಗೆ ಅನುಮತಿಯೇ ಬೇಡ ಎಂಬುದೆಲ್ಲ ತೀರ್ಮಾನವಾಗುವುದು ಶಾಸನಸಭೆಗಳಲ್ಲಿ. ಅಲ್ಲಿ ಸರಿಯಾದ ಚರ್ಚೆಯಿಲ್ಲದೆ ಕಲಮುಗಳು ಬದಲಾದರೆ ಮಂಡಳಿಯ ಅಧಿಕಾರಿ ಎಷ್ಟೇ ಪ್ರಾಮಾಣಿಕರಾಗಿದ್ದರೂ ಅವರ ಕೈ ಕಟ್ಟಿದಂತೆಯೇ. ಆದ್ದರಿಂದ ದೂರಿನ ಜೊತೆಗೆ ಕಾನೂನಿನ ಮೇಲೂ ಕಣ್ಣಿಡಬೇಕು. ಅದಕ್ಕೆ ವಕೀಲರೇ ಆಗಬೇಕೆಂದಿಲ್ಲ. ಬಡಾವಣೆಯ ನಿವಾಸಿಗಳ ಸಂಘ, ಕಾಲೇಜಿನ ವಿದ್ಯಾರ್ಥಿಗಳ ಗುಂಪು ಯಾರು ಬೇಕಾದರೂ ಮಾಡಬಹುದಾದ ಕೆಲಸ ಇದು.

ಮೊದಲು, ಕಾಯ್ದೆ ಯಾರ ಕೈಯಲ್ಲಿದೆ ಎಂದು ತಿಳಿಯಿರಿ

1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, ಭೋಪಾಲ್ ಅನಿಲ ದುರಂತದ ಬೆನ್ನಿಗೇ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆ ಈ ಮೂರೂ ಸಂಸತ್ತು ಮಾಡಿದವು. ಹಾಗೆಂದು ವಿಧಾನಸೌಧಕ್ಕೆ ಇದರಲ್ಲಿ ಕೆಲಸವಿಲ್ಲ ಎಂದುಕೊಳ್ಳಬೇಡಿ. ನೀರು ರಾಜ್ಯಪಟ್ಟಿಯ ವಿಷಯ, ಅಂದರೆ ಅದರ ಮೇಲೆ ಕಾನೂನು ಮಾಡುವ ಅಧಿಕಾರ ರಾಜ್ಯಗಳದ್ದು. ಅದರ ಮೇಲೆ ಸಂಸತ್ತು ಇಂಥ ಕಾನೂನು ಮಾಡಬೇಕಾದರೆ ಸಂವಿಧಾನದ 252ನೇ ವಿಧಿಯಂತೆ ರಾಜ್ಯಗಳು ನಿರ್ಣಯ ಮಾಡಿ ಕೇಳಿಕೊಳ್ಳಬೇಕು. ಹಾಗೆ ಕೇಳಿಕೊಂಡ 12 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಜಲ ಕಾಯ್ದೆಯ ಪೀಠಿಕೆಯಲ್ಲೇ ನಮ್ಮ ರಾಜ್ಯದ ಹೆಸರಿದೆ. ಇದರಿಂದ ಎರಡು ಪರಿಣಾಮಗಳಿವೆ. ಈ ಕಾಯ್ದೆಯನ್ನು ನಮ್ಮ ಶಾಸನಸಭೆ ತಾನಾಗಿ ತಿದ್ದುವಂತಿಲ್ಲ. ಅದೇ ರೀತಿ, ಸಂಸತ್ತು ಮಾಡಿದ ತಿದ್ದುಪಡಿಯೂ ನಮ್ಮ ವಿಧಾನಸಭೆ, ವಿಧಾನ ಪರಿಷತ್ತು ಎರಡೂ ನಿರ್ಣಯ ಅಂಗೀಕರಿಸದೆ ಇಲ್ಲಿಗೆ ಅನ್ವಯಿಸುವುದಿಲ್ಲ.

ಇದು ಎಷ್ಟು ಮುಖ್ಯ ಎಂಬುದು 2024ರ ಜಲ ತಿದ್ದುಪಡಿ ಕಾಯ್ದೆಯನ್ನು ನೋಡಿದರೆ ಗೊತ್ತಾಗುತ್ತದೆ. ಆ ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾದದ್ದು ಫೆಬ್ರುವರಿ 5ರಂದು. 6ರಂದು ಅಲ್ಲಿ ಅಂಗೀಕಾರವಾಯಿತು, 8ರಂದು ಲೋಕಸಭೆಯಲ್ಲೂ ಆಯಿತು. ಯಾವ ಸಮಿತಿಯ ಮುಂದೆಯೂ ಅದು ಹೋಗಲಿಲ್ಲ. ವಾಯು ಮತ್ತು ಪರಿಸರ ಕಾಯ್ದೆಗಳ ಶಿಕ್ಷೆಯನ್ನು ಬದಲಿಸಿದ 2023ರ ಜನ ವಿಶ್ವಾಸ ಕಾಯ್ದೆಯಾದರೂ ಜಂಟಿ ಸಂಸದೀಯ ಸಮಿತಿಯನ್ನು ಹಾದುಬಂದಿತ್ತು. ಜಲ ಕಾಯ್ದೆಯ 24ನೇ ಕಲಂ ಹಳ್ಳ, ಹೊಳೆ, ಬಾವಿಗಳಿಗೆ ವಿಷತ್ಯಾಜ್ಯ ಬಿಡುವುದನ್ನು ನಿಷೇಧಿಸುತ್ತದೆ. ತಿದ್ದುಪಡಿಗೆ ಮುನ್ನ ಇದನ್ನು ಮೀರಿದರೆ ಕನಿಷ್ಠ ಒಂದೂವರೆ ವರ್ಷದಿಂದ ಆರು ವರ್ಷದವರೆಗೆ ಜೈಲು, ಜೊತೆಗೆ ಜುಲ್ಮಾನೆ. ತಿದ್ದುಪಡಿಯಲ್ಲಿ ಅದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವಾಯಿತು. ದಂಡ ಕಟ್ಟದಿದ್ದರಷ್ಟೇ ಜೈಲಿನ ಮಾತು. ಕೆಲವು ವರ್ಗದ ಕೈಗಾರಿಕೆಗಳಿಗೆ ಮಂಡಳಿಯ ಸಮ್ಮತಿಯೇ ಬೇಡ ಎಂದು ವಿನಾಯಿತಿ ಕೊಡುವ ಅಧಿಕಾರವೂ ಕೇಂದ್ರಕ್ಕೆ ಸಿಕ್ಕಿತು. ದೊಡ್ಡ ಉದ್ಯಮಕ್ಕೆ 15 ಲಕ್ಷ ಎನ್ನುವುದು ಸಂಸ್ಕರಣಾ ಘಟಕ ನಡೆಸುವುದಕ್ಕಿಂತ ಅಗ್ಗವಾಗಿಬಿಡಬಹುದು. ನನ್ನ ಚಿಂತೆ ಇರುವುದು ಅಲ್ಲೇ. ಜೈಲು ಶಿಕ್ಷೆಯಿಂದ ಪ್ರಕರಣಗಳು ಕೋರ್ಟಿನಲ್ಲಿ ವರ್ಷಗಟ್ಟಲೆ ಕೊಳೆಯುತ್ತವೆ, ದಂಡವಾದರೆ ಬೇಗ ವಸೂಲಾಗುತ್ತದೆ ಎನ್ನುವವರ ಮಾತಿನಲ್ಲೂ ಹುರುಳಿದೆ. ಎರಡನ್ನೂ ತೂಗಿನೋಡಬೇಕಾದ ಜಾಗ ಸದನ.

ಈ ತಿದ್ದುಪಡಿ ಮೊದಲು ಜಾರಿಯಾದದ್ದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ. ಉಳಿದ ರಾಜ್ಯಗಳಲ್ಲಿ ಅದರ ಗತಿ ಏನು ಎಂಬುದು ಆಯಾ ಸದನದ ನಿರ್ಣಯಕ್ಕೆ ಬಿಟ್ಟದ್ದು. ಹಾಗಾಗಿ ನಿಮ್ಮ ಶಾಸಕರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಈ ನಿರ್ಣಯದ ಬಗ್ಗೆ ನಿಮ್ಮ ನಿಲುವೇನು, ಅದಕ್ಕೆ ಎಷ್ಟು ಹೊತ್ತಿನ ಚರ್ಚೆ?

ದಾಖಲೆ ಕೂಡಿಸಿ

ಬರಿಗೈಯಲ್ಲಿ ಶಾಸಕರ ಮನೆಗೆ ಹೋಗಬೇಡಿ. ಜಲ ಕಾಯ್ದೆಯ 25ನೇ ಕಲಮಿನ 6ನೇ ಉಪಕಲಂ ಓದಿಕೊಳ್ಳಿ. ಕಾರ್ಖಾನೆಗಳಿಗೆ ಕೊಟ್ಟ ಸಮ್ಮತಿ, ಅಂದರೆ ಉದ್ಯಮಿಗಳ ಬಾಯಲ್ಲಿ ಓಡಾಡುವ ಸಿಎಫ್‌ಇ (ಸ್ಥಾಪಿಸಲು ಸಮ್ಮತಿ), ಸಿಎಫ್‌ಒ (ನಡೆಸಲು ಸಮ್ಮತಿ), ಅದರ ಜೊತೆ ವಿಧಿಸಿದ ಷರತ್ತುಗಳ ರಿಜಿಸ್ಟರ್ ಒಂದನ್ನು ಮಂಡಳಿ ಇಡಲೇಬೇಕು. ಆ ಕೊಳಕು ನೀರಿನಿಂದ ತೊಂದರೆಗೊಳಗಾದ ಯಾರು ಬೇಕಾದರೂ ಕಚೇರಿ ವೇಳೆಯಲ್ಲಿ ಹೋಗಿ ಅದನ್ನು ನೋಡಬಹುದು. ಈ ಹಕ್ಕು 1974ರಿಂದಲೇ ಇದೆ, ಬಳಸುವವರು ಬಲು ಕಡಿಮೆ. ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿ ಮಂಡಳಿಯ ಕೇಂದ್ರ ಕಚೇರಿಯಿದೆ. ನಿಮ್ಮ ಭಾಗದ ಪ್ರಾದೇಶಿಕ ಕಚೇರಿಯಲ್ಲೂ ವಿಚಾರಿಸಿ.

ತೋರಿಸದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಬಗ್ಗೆ, 150 ಪದಗಳೊಳಗೆ ಇರಬೇಕು. ಸಮ್ಮತಿಗೆ ಒಂದು ಅರ್ಜಿ, ಮುಚ್ಚುವ ಆದೇಶಗಳಿಗೆ ಇನ್ನೊಂದು ಎಂದು ಬೇರೆ ಮಾಡಿ.

ಪ್ರಶ್ನೆಯನ್ನು ನೀವೇ ಬರೆದುಕೊಡಿ

ಇಲ್ಲೇ ಹೆಚ್ಚಿನವರು ಎಡವುವುದು. ‘ವೃಷಭಾವತಿಯ ಮಾಲಿನ್ಯ ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ಎಂದು ಕೇಳಿದರೆ ‘ಬಂದಿದೆ. ಅಗತ್ಯ ಕ್ರಮ ಕೈಗೊಳ್ಳಲಾಗಿದೆ’ ಎಂಬ ಉತ್ತರ ಬಂದು ಕಡತ ಮುಚ್ಚುತ್ತದೆ. ಅದರ ಬದಲು ಕಲಂ, ಜಾಗ, ಅವಧಿ, ಸಂಖ್ಯೆ ಈ ನಾಲ್ಕನ್ನೂ ಪ್ರಶ್ನೆಯೊಳಗೆ ಇಡಿ. ಹೀಗೆ:

‘(ಅ) ಜಲ ಕಾಯ್ದೆಯ ಕಲಂ 33ಎ ಅಡಿ ಕಳೆದ ಮೂರು ವರ್ಷಗಳಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶದ ಎಷ್ಟು ಘಟಕಗಳಿಗೆ ಮುಚ್ಚುವ ಆದೇಶ ನೀಡಲಾಗಿದೆ, (ಆ) ಆ ಪೈಕಿ ಎಷ್ಟು ಘಟಕಗಳ ವಿದ್ಯುತ್ ಸಂಪರ್ಕವನ್ನು ಯಾವ ದಿನಾಂಕದಂದು ಕಡಿತಗೊಳಿಸಲಾಗಿದೆ, (ಇ) ಎಷ್ಟು ಘಟಕಗಳಿಗೆ ಮತ್ತೆ ತೆರೆಯಲು ಅನುಮತಿ ನೀಡಲಾಗಿದೆ, ಅದಕ್ಕೆ ಮುನ್ನ ನಡೆದ ನೀರಿನ ಪರೀಕ್ಷೆಯ ಫಲಿತಾಂಶವೇನು? (ಘಟಕವಾರು ವಿವರ ನೀಡುವುದು)’

33ಎ ಕಲಂ ಕಾರ್ಖಾನೆಯನ್ನು ಮುಚ್ಚಿಸುವ, ಕರೆಂಟು ನೀರು ಕಡಿಸುವ ಅಧಿಕಾರವನ್ನು ಮಂಡಳಿಗೆ ಕೊಡುತ್ತದೆ. ಆದೇಶಕ್ಕೂ ಫ್ಯೂಸ್ ಕೀಳುವುದಕ್ಕೂ ನಡುವೆ ಎಷ್ಟು ದಿನ ಕಳೆಯಿತು ಎಂಬುದನ್ನು (ಆ) ಹೊರಗೆ ತರುತ್ತದೆ. ಕಾನೂನು ನಿಜವಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ಕಾಣದು.

ಪ್ರಶ್ನೆ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಸಚಿವರಿಗೆ ಹೋಗಬೇಕು, ಕೈಗಾರಿಕಾ ಸಚಿವರಿಗಲ್ಲ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಸದನದಲ್ಲಿ ಬಾಯಿಬಿಟ್ಟು ಉತ್ತರಿಸಬೇಕು, ಉಪಪ್ರಶ್ನೆಗೂ ಅವಕಾಶವಿದೆ. ಚುಕ್ಕೆಯಿಲ್ಲದ್ದಾದರೆ ಲಿಖಿತ ಉತ್ತರ. ಅಂಕಿಅಂಶ ಬೇಕಿದ್ದರೆ ಎರಡನೆಯದೇ ಸಾಕು. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಶಾಸಕರನ್ನು ಕಾಣಿ, ಟೈಪ್ ಮಾಡಿದ ಪ್ರಶ್ನೆಯ ಒಂದು ಪ್ರತಿಯನ್ನು ಅವರ ಪಿಎ ಕೈಗೂ ಕೊಡಿ. ಶಾಸಕರು ಮನಸ್ಸು ಮಾಡದಿದ್ದರೆ ಮೇಲ್ಮನೆ ಇದೆಯಲ್ಲ. ಬೆಂಗಳೂರಿನ ಪದವೀಧರ, ಶಿಕ್ಷಕರ ಕ್ಷೇತ್ರಗಳ ಮತದಾರರು ತಮ್ಮ ಪರಿಷತ್ ಸದಸ್ಯರನ್ನು ಹಿಡಿಯಬಹುದು.

ಸಮಿತಿಗಳ ಬಾಗಿಲು

ಪ್ರಶ್ನೋತ್ತರ ಕೆಲವೇ ನಿಮಿಷದ್ದು, ಸಮಿತಿಗಳು ವರ್ಷವಿಡೀ ಕೂರುತ್ತವೆ. ಊರಿಗೆ ಊರೇ ಅನುಭವಿಸುತ್ತಿರುವ ತೊಂದರೆಯಾದರೆ ಶಾಸಕರ ಮೇಲುರುಜು ಹಾಕಿಸಿ ಅರ್ಜಿಗಳ ಸಮಿತಿಗೆ ಮನವಿ ಕೊಡಿ. ಭಾಷೆ ಸಭ್ಯವಾಗಿರಲಿ, ಕೋರ್ಟಿನಲ್ಲಿರುವ ವಿಷಯ ಬೇಡ. ರಾಜ್ಯ ಸರ್ಕಾರ ರಚಿಸಿದ ನಿಯಮವೇ ಮೂಲ ಕಾಯ್ದೆಯ ಆಚೆಗೆ ಹೋಗಿದೆ ಅನ್ನಿಸಿದರೆ ಅಧೀನ ಶಾಸನ ರಚನಾ ಸಮಿತಿಗೆ ಬರೆಯಿರಿ.

ಕೇಂದ್ರದ ಕರಡು ಬಂದಾಗ

ಪರಿಸರ ಕಾಯ್ದೆಯ ಕೆಳಗೆ ಬರುವ ಅಧಿಸೂಚನೆಗಳು ಸಾಮಾನ್ಯವಾಗಿ ಮೊದಲು ಕರಡಾಗಿ ಕೇಂದ್ರದ ರಾಜಪತ್ರದಲ್ಲಿ ಬರುತ್ತವೆ. ಪ್ರಕಟವಾದ ದಿನದಿಂದ 60 ದಿನಗಳೊಳಗೆ ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಕಳಿಸಬಹುದು. ‘ಸಾರ್ವಜನಿಕ ಹಿತಕ್ಕಾಗಿ’ ಎಂದು ಈ ಕಾಲಾವಕಾಶವನ್ನೇ ಕೈಬಿಡುವ ಅಧಿಕಾರವೂ ಕೇಂದ್ರಕ್ಕಿದೆ. ಹಾಗೆ ಮಾಡಿದಾಗ ಕಾರಣ ಕೇಳಲು ನಿಮ್ಮ ಸಂಸದರಿಗೆ ಹೇಳಿ. ನಿಯಮಗಳು ಸಂಸತ್ತಿನ ಉಭಯ ಸದನಗಳ ಮುಂದೆ 30 ದಿನ ಇರಲೇಬೇಕು ಎನ್ನುತ್ತದೆ ಅದೇ ಕಾಯ್ದೆಯ 26ನೇ ಕಲಂ. ಎರಡೂ ಸದನಗಳು ಒಪ್ಪಿದರೆ ಅವುಗಳನ್ನು ತಿದ್ದಲೂಬಹುದು, ರದ್ದು ಮಾಡಲೂಬಹುದು.

ಆಕ್ಷೇಪಣೆ ಕನ್ನಡದಲ್ಲೇ ಬರೆಯಿರಿ. 2020ರ ಪರಿಸರ ಪರಿಣಾಮ ಅಂದಾಜು ಕರಡನ್ನು 22 ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಹೇಳಿತ್ತು. ಸಾಕಷ್ಟು ಪ್ರಚಾರವಿಲ್ಲದೆ ಅದನ್ನು ಅಂತಿಮಗೊಳಿಸುವುದಕ್ಕೆ ಅದೇ ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟ್ ಕೂಡ ಮಧ್ಯಂತರ ತಡೆ ಕೊಟ್ಟಿತ್ತು.

ಉತ್ತರ ಬಂದ ಮೇಲೆ

ಸಚಿವರ ಉತ್ತರದಲ್ಲಿ ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಸಾಲಿದ್ದರೆ ಅದಕ್ಕೆ ಗೆರೆ ಎಳೆದು ದಿನಾಂಕ, ಪ್ರಶ್ನೆ ಸಂಖ್ಯೆ ಬರೆದಿಟ್ಟುಕೊಳ್ಳಿ. ಸದನದಲ್ಲಿ ಕೊಟ್ಟ ಮಾತು ನಡೆಯಿತೇ ಎಂದು ನೋಡಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಮುಂದಿನ ಅಧಿವೇಶನ ಬೆಳಗಾವಿಯಲ್ಲೇ ನಡೆಯಲಿ, ಇಲ್ಲೇ ನಡೆಯಲಿ, ಅಷ್ಟರೊಳಗೆ ಅದೇ ಸಂಖ್ಯೆ ನಮೂದಿಸಿ ಆ ಸಮಿತಿಗೊಂದು ಪತ್ರ, ಶಾಸಕರಿಗೊಂದು ಪ್ರತಿ ಕಳಿಸಿ, ಸ್ವೀಕೃತಿ ಪಡೆದುಕೊಳ್ಳಿ.