ಗದ್ದೆಗೆ ಹೋಗುವ ಕಾಲುವೆಯ ದಡ ಕೊರೆಯುತ್ತಿದ್ದರೆ

ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿರುವ ಮಂಡ್ಯದ ರೈತಮಿತ್ರರ ಗಮನಕ್ಕೆ. ನಮ್ಮ ಗದ್ದೆಗಾಲುವೆ ಬಾಗುವಲ್ಲಿ ಹೊರದಡದ ಬಳಿ ನೀರಿನ ವೇಗ ಹೆಚ್ಚಿರುವುದರಿಂದ ಅಲ್ಲಿನ ಮಣ್ಣು ಕೊರೆದುಹೋಗುತ್ತದೆ. ಒಳದಡದ ಬಳಿ ವೇಗ ತಗ್ಗುವುದರಿಂದ ಮರಳೂ ಹೂಳೂ ನಿಲ್ಲುತ್ತವೆ. ಆದ್ದರಿಂದ ಕಲ್ಲು ಜೋಡಿಸುವುದಾಗಲಿ, ಗರಿಕೆ ಬೆಳೆಸುವುದಾಗಲಿ ಹೊರದಡಕ್ಕೇ ಆಗಬೇಕು. ಎರಡೂ ದಡಗಳಿಗೆ ಸಮನಾಗಿ ಕಲ್ಲು ಹಾಕಿಸಿ ಹಣ ಕಳೆದುಕೊಂಡವರಲ್ಲಿ ನಾನೂ ಒಬ್ಬ.

ನೀರು ಏನನ್ನು ಹೊತ್ತು ತರುತ್ತಿದೆ ಎಂಬುದನ್ನು ತಿಳಿಯಲು, ಜೋರು ಮಳೆಯಾದ ಮೇಲೆ ಕಾಲುವೆಯ ಕೆಂಪು ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ, ಚೆನ್ನಾಗಿ ಕುಲುಕಿ, ಅಲುಗಾಡದಂತೆ ಇಡಿ. ಮರಳು ಸುಮಾರು 1 ನಿಮಿಷದಲ್ಲಿ ತಳ ಸೇರುತ್ತದೆ, ನಯವಾದ ಹೂಳಿಗೆ ಕೆಲವು ಗಂಟೆ ಬೇಕಾಗುತ್ತದೆ, ಜೇಡಿಯ ಕಣಗಳಾದರೋ ಮರುದಿನವೂ ನೀರನ್ನು ಕದಡಿದಂತೆಯೇ ಇಟ್ಟಿರಬಹುದು. ಮರಳೇ ಹೆಚ್ಚಾಗಿ ಕಂಡರೆ, ನೀರು ಗದ್ದೆಗೆ ಇಳಿಯುವ ಜಾಗಕ್ಕಿಂತ ಸ್ವಲ್ಪ ಮೊದಲು, ನಿಮ್ಮದೇ ಜಮೀನಿನೊಳಗೆ, ಕಾಲುವೆಯನ್ನು ಒಂದೆರಡು ಮಾರು ಉದ್ದಕ್ಕೆ ಅಗಲಿಸಿ ಗುಂಡಿ ಮಾಡಿದರೆ, ಅಲ್ಲಿ ನಿಧಾನಗೊಂಡ ನೀರು ಭಾರದ ಕಣಗಳನ್ನು ಕೆಳಗಿಳಿಸಿ ಮುಂದೆ ಸಾಗುತ್ತದೆ. ಜೇಡಿಯನ್ನು ತಡೆಯಲು ಈ ಗುಂಡಿ ಸಾಲದು. ತುಂಬಿದ ಹೂಳನ್ನು ಆಗಾಗ ತೆಗೆದು ದೂರ ಹಾಕಬೇಕು. ದಡದ ಮೇಲೆಯೇ ಸುರಿದರೆ ಮುಂದಿನ ಮಳೆಗೆ ಅದೇ ಮರಳು ಮರಳಿ ಕಾಲುವೆಗೆ ಇಳಿಯುತ್ತದೆ.