ಬೆಲ್ಟ್ ಗ್ರೈಂಡರ್‌ಗೆ ಗಾಜಿನ ಬೆನ್ನು

ಚಾಕು ಮಾಡುವ ಹುಚ್ಚು ಹಿಡಿದ ಹುಡುಗರು ನಮ್ಮ ಇಳಕಲ್ ಕಡೆಯೂ ಈಗ ಜಾಸ್ತಿ. ಲಾರಿಯ ಹಳೇ ಕಮಾನ್ ಪಟ್ಟಿ ತರುತ್ತಾರೆ, 2 ಇಂಚು ಅಗಲ, 72 ಇಂಚಿನ ಸ್ಯಾಂಡ್ ಪೇಪರ್ ಬೆಲ್ಟ್ ಓಡುವ ಗ್ರೈಂಡರನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಕೆಲವು ತಿಂಗಳು ಕಳೆದರೆ ಎಲ್ಲರದೂ ಒಂದೇ ದೂರು: ‘ಅಣ್ಣಾ, ಎಷ್ಟ್ ತಿಕ್ಕಿದ್ರೂ ಅಲಗು ಚಪ್ಪಟೆ ಬರವಲ್ದು.’

ತಪ್ಪು ಕೈಯದಲ್ಲ. ಬೆಲ್ಟಿನ ಬೆನ್ನಿಗಿರುವ ಕಬ್ಬಿಣದ ಪಟ್ಟಿ, ಅಂದರೆ ಪ್ಲೇಟನ್, ಸವೆದು ನಡುವೆ ತಗ್ಗಾಗಿರುತ್ತದೆ. ಅಡ್ಡಡ್ಡ ಸ್ಕೇಲ್ ಇಟ್ಟು ನೋಡಿ, ಅಡಿಯಿಂದ ಬೆಳಕು ಕಾಣುತ್ತದೆ. ಅದರ ಮೇಲೆ ಗಾಜು ಅಂಟಿಸಿದರೆ ಬಹಳ ಕಾಲ ಈ ಕಾಟ ತಪ್ಪುತ್ತದೆ.

ಕಿಟಕಿ ಗಾಜು ಬೇಡ, ಒಂದೇ ಜಾಗದಲ್ಲಿ ಕಾದರೆ ಸೀಳುತ್ತದೆ. ಬೇಕಾದದ್ದು ಸೆರಾಮಿಕ್ ಗಾಜು. ಬಿಸಿಗೆ ಅದು ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಕೆಟ್ಟ ಇಂಡಕ್ಷನ್ ಒಲೆಯ ಕಪ್ಪು ಮೇಲ್ಮೈ ಸಾಮಾನ್ಯವಾಗಿ ಇದೇ, ಸುಮಾರು 4 ಮಿ.ಮೀ. ದಪ್ಪ. ತೀರಾ ಅಗ್ಗದ ಒಲೆಗಳಲ್ಲಿ ಟಫನ್ಡ್ ಗಾಜು ಹಾಕಿರುವುದೂ ಉಂಟು. ಅದಕ್ಕೆ ಬ್ಲೇಡ್ ತಾಕಿದರೆ ಸಾಕು, ಇಡೀ ಗಾಜು ಹರಳುಹರಳಾಗಿ ಉದುರುತ್ತದೆ.

ಕೊಯ್ಯುವ ಕೆಲಸವನ್ನು ಗ್ರಾನೈಟ್ ಕೊಯ್ಯುವವರಿಗೆ ಬಿಡಿ. ನೀರು ಬಿಟ್ಟು ಓಡಿಸುವ ಡೈಮಂಡ್ ಬ್ಲೇಡ್ ನಮ್ಮೂರಲ್ಲಿ ಬೇಕಾದಷ್ಟಿವೆ.

ಇನ್ನು ಎಲ್ಲರೂ ಎಡವುವ ಕೆಲಸ: ಅಂಚು ಗುಂಡಗೆ ಮಾಡುವುದು. ಮೇಲಿನ ಮತ್ತು ಕೆಳಗಿನ ಅಂಚು ಚೂಪಾಗಿದ್ದರೆ ಬೆಲ್ಟಿನ ಜೋಡಣೆ ಪ್ರತಿ ಸುತ್ತಿಗೂ ಅಲ್ಲಿ ಬಡಿಯುತ್ತದೆ. ಸ್ವಲ್ಪ ಹೊತ್ತಿಗೆ ಜೋಡಣೆ ಬಿಟ್ಟು ಬೆಲ್ಟ್ ಮುಖಕ್ಕೇ ಹಾರುತ್ತದೆ. ಕೆಲವರು ಓಡುವ ಬೆಲ್ಟಿಗೇ ಗಾಜು ಒತ್ತಿ ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಚಕ್ಕೆ ಏಳುತ್ತದೆ, ಒಣ ಗಾಜಿನ ಧೂಳು ಎದೆಗೆ ಹೋಗುತ್ತದೆ. ಕೈಯಲ್ಲೇ ಮಾಡಿ ಎಂಬುದು ನನ್ನ ಹಟ.

120 ನಂಬರ್ ವಾಟರ್ ಪೇಪರನ್ನು ಮರದ ತುಂಡಿಗೆ ಸುತ್ತಿ. ಬಕೆಟ್ ನೀರು ಪಕ್ಕದಲ್ಲಿರಲಿ, ಕನ್ನಡಕ ಹಾಕಿ. ಉಜ್ಜುವುದು ಅಂಚಿನ ಉದ್ದಕ್ಕೆ, ಅಡ್ಡಡ್ಡ ಅಲ್ಲ. ಅಡ್ಡ ಎಳೆದರೆ ಹೊರಗೆ ಹೋಗುವಾಗ ಚಕ್ಕೆ ಕಿತ್ತುಕೊಂಡೇ ಹೋಗುತ್ತದೆ. ಮೊದಲು 45 ಡಿಗ್ರಿ ಓರೆಗೆ ಒಂದು ಪಟ್ಟೆ ತೆಗೆಯಿರಿ. ಆಮೇಲೆ ಆ ಪಟ್ಟೆಯ ಎರಡೂ ಮೂಲೆ ಸವೆಸಿ, ಹೊಸ ಮೂಲೆ ಬಂದರೆ ಅದನ್ನೂ ಸವೆಸಿ. ನೀರು ಹಾಲಿನಂತೆ ಬೆಳ್ಳಗಾಗುತ್ತಾ ಹೋಗುತ್ತದೆ, ತೊಳೆದು ನೋಡುತ್ತಿರಿ. ಗುಂಡಗಾಗಬೇಕಾದ್ದು ಮುಂಭಾಗದ 2 ಮಿ.ಮೀ. ಮಾತ್ರ. ಹಿಂದಿನ 2 ಮಿ.ಮೀ. ಚೌಕವಾಗಿಯೇ ಉಳಿಯಲಿ, ಯಾಕೆಂದು ಹೇಳುತ್ತೇನೆ. ಕೊನೆಗೆ 220, 400 ನಂಬರ್. ಗಾಜು ಒರೆಸಿ, ಒಣ ಅರಳೆಯನ್ನು ಅಂಚಿನ ಮೇಲೆ ಎಳೆಯಿರಿ. ಒಂದು ಎಳೆ ಸಿಕ್ಕಿಕೊಂಡರೂ ಕೆಲಸ ಬಾಕಿ ಇದೆ. ಎಡಬಲದ ಅಂಚುಗಳಿಗೆ ಸುಮ್ನೆ ನಾಲ್ಕು ಸಲ ಉಜ್ಜಿದರೆ ಸಾಕು.

ಗಾಜು ನಿಲ್ಲುವುದು ಅಂಟಿನಿಂದ ಅಂತ ತಿಳಿದಿದ್ದರೆ ನನ್ನ ಮೊದಲ ಗಾಜಿನ ಗತಿಯೇ ನಿಮ್ಮದಕ್ಕೂ. ಬಿಸಿಗೆ ಅಂಟು ಮೆತ್ತಗಾಗಿ, ಅದು ಜಾರಿ ಕೆಳಗಿನ ಚಕ್ರಕ್ಕೆ ಬಿದ್ದು ಪುಡಿಯಾಯಿತು. ಬೆಲ್ಟ್ ಗಾಜನ್ನು ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ, ಅಲ್ವಾ? ಅದಕ್ಕೇ ಪ್ಲೇಟನ್ನಿನ ಕೆಳ ಅಂಚಿಗೆ ಕಬ್ಬಿಣದ ಚಿಕ್ಕ ಕಟ್ಟೆ ಬೇಕು. ಬೋಲ್ಟ್ ಹಾಕಿ ಕೂರಿಸಿ, ವೆಲ್ಡಿಂಗ್ ಬಿಸಿಗೆ ಪ್ಲೇಟನ್ ಸೊಟ್ಟಗಾಗುತ್ತದೆ. ಕಟ್ಟೆ ಮುಂದಕ್ಕೆ 2 ಮಿ.ಮೀ. ಚಾಚಿದರೆ ಸಾಕು. ಗಾಜಿನ ಆ ಚೌಕದ ಭಾಗ ಇದರ ಮೇಲೆ ಕೂರುತ್ತದೆ. ಹೆಚ್ಚು ಚಾಚಿದರೆ ಬೆಲ್ಟ್ ಕಟ್ಟೆಗೆ ಉಜ್ಜುತ್ತದೆ.

ಅಂಟಿಸುವ ಮುನ್ನ ಪ್ಲೇಟನ್ನಿನ ತಗ್ಗನ್ನು ಅರ ಹಾಕಿ ಸಮ ಮಾಡಿ. ಅದನ್ನೂ ಗಾಜಿನ ಗುರುತು, ಅಕ್ಷರ ಅಚ್ಚಾಗಿರುವ ಮೈಯನ್ನೂ ಒರಟು ಮಾಡಿ, ಅಸಿಟೋನಿನಿಂದ ಒರೆಸಿ. ಉಗುರು ಬಣ್ಣ ತೆಗೆಯುವ ಬಾಟಲಿ ಬೇಡ, ಅದರಲ್ಲಿ ಎಣ್ಣೆ ಬೆರೆಸಿರುತ್ತಾರೆ. ಐದು ನಿಮಿಷದ ಅಂಟನ್ನೂ ಮುಟ್ಟಬೇಡಿ, ನಿಧಾನವಾಗಿ ಗಟ್ಟಿಯಾಗುವ ಸ್ಟೀಲ್ ಎಪಾಕ್ಸಿ ತನ್ನಿ. ತೆಳ್ಳಗೆ ಸವರಿ, ಪ್ಲೇಟನ್ ಮಲಗಿಸಿ, ಗಾಜನ್ನು ಕಟ್ಟೆಗೆ ತಾಗಿಸಿ ಕೂರಿಸಿ. ಮೇಲೆ ಒಂದು ಕೆಜಿ ಸಕ್ಕರೆ ಪೊಟ್ಟಣ ಇಡಿ. ಕ್ಲಾಂಪ್ ಬಿಗಿದರೆ ಅಂಟೆಲ್ಲ ಹೊರಗೆ ಬರುತ್ತದೆ. 24 ಗಂಟೆ ಆ ಕಡೆ ಹೋಗಬೇಡಿ.

ಪ್ಲೇಟನ್ ಈಗ ಮೊದಲಿಗಿಂತ 4 ಮಿ.ಮೀ. ಹೆಚ್ಚು ದಪ್ಪ ಆಗಿದೆ, ಅಷ್ಟೇ ಹಿಂದಕ್ಕೆ ಸರಿಸಿ ಬಿಗಿಯಿರಿ. ಮೇಲಿನ, ಕೆಳಗಿನ ಚಕ್ರಗಳಿಗೆ ತಾಗುವಂತೆ ಸ್ಕೇಲ್ ಹಿಡಿದರೆ, ಗಾಜು ಆ ಗೆರೆಗಿಂತ 2 ಮಿ.ಮೀ. ಮುಂದೆ ಇರಬೇಕು.

ಮೊದಲ ಓಟಕ್ಕೆ ಹಳೇ ಬೆಲ್ಟ್ ಹಾಕಿ, ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು ಸ್ವಿಚ್ ಒತ್ತಿ. ಟಕ್ ಟಕ್ ಅಂತ ಸದ್ದು ಬಂತೋ, ಆರಿಸಿ ಮತ್ತೆ ವಾಟರ್ ಪೇಪರ್ ಹಿಡಿಯಿರಿ.