ಕ್ರೋನೋ ಟ್ರಿಗರ್ ಆಡುವುದು ಹೇಗೆ? ಮೊದಲು ಜಾತ್ರೆ ನೋಡಿ

ಜಪಾನಿನ ಸ್ಕ್ವೇರ್ ಕಂಪನಿ 1995ರಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರಕ್ಕೆ ತಂದ, ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಓಡಾಡುವ ಆಟ ಇದು. ಫೈನಲ್ ಫ್ಯಾಂಟಸಿ ಆಟದ ಸಕಾಗುಚಿ, ಡ್ರ್ಯಾಗನ್ ಕ್ವೆಸ್ಟ್ ಆಟದ ಹೋರಿಯಿ, ಚಿತ್ರಕಾರ ಅಕಿರಾ ತೊರಿಯಾಮಾ, ಮೂವರೂ ಸೇರಿ ಮಾಡಿದ್ದು. ಈಗ ಮೊಬೈಲು, ಕಂಪ್ಯೂಟರಿನಲ್ಲೂ ಸಿಗುತ್ತದೆ. ಮುಗಿಸಲು 20ರಿಂದ 25 ಗಂಟೆ ಬೇಕು. ನಿಮ್ಮ ಸಣ್ಣ ಸಣ್ಣ ಕೆಲಸಗಳನ್ನೂ ನೆನಪಿಟ್ಟುಕೊಳ್ಳುವ ಆಟ ಇದು. ಅದಕ್ಕೇ ಆತುರ ಬೇಡ.

ಶುರುವಿನಲ್ಲೇ ಕಾಳಗದ ಮೋಡ್ ಕೇಳುತ್ತದೆ. ಹೊಸಬರು 'ವೇಟ್' ಆರಿಸಿ. ಮಂತ್ರವನ್ನೋ ಔಷಧಿಯನ್ನೋ ಹುಡುಕುವಾಗ ಶತ್ರುಗಳು ಕಾಯುತ್ತಾರೆ.

ಆಮೇಲೆ ಜಾತ್ರೆ. 1000ನೇ ವರ್ಷದ ಸಂಭ್ರಮ ನಡೀತಿರುತ್ತದೆ. ನೀವು ಆಡಿಸುವ ಹುಡುಗ ಕ್ರೋನೋ, ಮಾರ್ಲ್ ಎಂಬ ಹುಡುಗಿಗೆ ಡಿಕ್ಕಿ ಹೊಡೆಯುತ್ತಾನೆ, ಅವಳ ಪದಕ ಬೀಳುತ್ತದೆ. ಪದಕ ಎತ್ತುವ ಮುಂಚೆ ಅವಳನ್ನು ಮಾತಾಡಿಸಿ. ಬೇರೆಯವರ ಊಟ ಮುಟ್ಟಬೇಡಿ. ಬೆಕ್ಕು ಕಳೆದುಕೊಂಡ ಹುಡುಗಿಗೆ ಬೆಕ್ಕು ತಂದುಕೊಡಿ. ಮುಂದೆ ಕ್ರೋನೋನ ವಿಚಾರಣೆ ನಡೆಯುವಾಗ ಕೋರ್ಟಿನಲ್ಲಿ ಇದೆಲ್ಲ ಸಾಕ್ಷಿಯಾಗಿ ಬರುತ್ತದೆ. ಏಳು ಜನ ಜ್ಯೂರಿಗಳು ಒಬ್ಬೊಬ್ಬರಾಗಿ ತೀರ್ಪು ಹೇಳುವಾಗ ಎದೆ ಡವಡವ ಅನ್ನುತ್ತದೆ!

ಕಾಳಗದಲ್ಲಿ ಸುಮ್ನೆ ಹೊಡೆಯುತ್ತಾ ಹೋದರೆ ಸೋಲುತ್ತೀರಿ. ಹೆಕ್ರಾನ್ ಎಂಬ ರಾಕ್ಷಸ 'ಬಾ, ಹೊಡಿ' ಅಂತ ಕರೆದರೆ ಕೈ ಕಟ್ಟಿ ನಿಲ್ಲಿ, ಹೊಡೆದರೆ ಜೋರು ಅಲೆ ಎಬ್ಬಿಸುತ್ತಾನೆ. ನಿಜ್ಬೆಲ್ ಎಂಬ ಇನ್ನೊಬ್ಬ ಶತ್ರುವಿಗೆ ಮೊದಲು ಕ್ರೋನೋನ ಮಿಂಚು ಬೀಳಬೇಕು, ಆಗ ಅವನ ಗಟ್ಟಿ ಮೈ ಮೆತ್ತಗಾಗುತ್ತದೆ. ಇಬ್ಬರು ಸೇರಿ ಮಾಡುವ ಜೋಡಿ ವಿದ್ಯೆಗಳೇ ಈ ಆಟದ ಸೊಗಸು. ಒಂದೇ ತಂಡ ಇಟ್ಟುಕೊಂಡರೆ ಅರ್ಧದಷ್ಟು ನೋಡುವುದೇ ಇಲ್ಲ. ಅದಕ್ಕೇ ಜೊತೆಗಾರರನ್ನು ಬದಲಾಯಿಸುತ್ತಿರಿ.

ಮುಂದೆ ಕಥೆಯಲ್ಲಿ ಮಾರ್ಲ್‌ಳ ಪದಕಕ್ಕೆ ಶಕ್ತಿ ಬಂದ ಮೇಲೆ, ಮುಚ್ಚಿದ ಕಪ್ಪು ಪೆಟ್ಟಿಗೆಗಳು ತೆರೆಯುತ್ತವೆ. 600ನೇ ವರ್ಷದಲ್ಲಿ ಸಿಕ್ಕ ಪೆಟ್ಟಿಗೆ ಮುಟ್ಟಿ ನೋಡಿ, ಆದರೆ ವಸ್ತು ತೆಗೆಯಬೇಡಿ. 1000ಕ್ಕೆ ಹೋಗಿ ಅದೇ ಪೆಟ್ಟಿಗೆ ತೆರೆದರೆ ಇನ್ನೂ ಒಳ್ಳೆಯದು ಸಿಗುತ್ತದೆ. ವಾಪಸ್ 600ಕ್ಕೆ ಬಂದು ಹಳೆಯದನ್ನೂ ತೆಗೆದುಕೊಳ್ಳಿ.

ಕೊನೆಯ ಶತ್ರು ಲಾವೋಸ್‌ನ ಬಳಿ ಓಡುವ ಮುಂಚೆ ಫಿಯೋನಾಳ ಕೆಲಸ ಮುಗಿಸಿ. ದಯವಿಟ್ಟು ಇದನ್ನು ಬಿಡಬೇಡಿ. 600ನೇ ವರ್ಷದಲ್ಲಿ ಮರಳುಗಾಡನ್ನು ಕಾಡು ಮಾಡಬೇಕು ಅನ್ನುವ ಹೆಂಗಸು ಅವಳು. ಮರಳಿನೊಳಗಿನ ರಾಕ್ಷಸನನ್ನು ಸೋಲಿಸಿ, ನಿಮ್ಮ ತಂಡದ ಯಂತ್ರಮಾನವ ರೋಬೋನನ್ನು ಅವಳ ಬಳಿ ಬಿಡಿ. ನಿಮಗೆ ಒಂದು ನಿಮಿಷದ ಪ್ರಯಾಣ, ಅವನಿಗೆ 400 ವರ್ಷದ ದುಡಿಮೆ. 1000ನೇ ವರ್ಷಕ್ಕೆ ಹೋದರೆ ಅಲ್ಲಿ ಹಸಿರು ಕಾಡಿರುತ್ತದೆ. ಕಾಡಿನೊಳಗೆ ಹೋಗುವ ಮುಂಚೆ ಬೇರೆ ಸ್ಲಾಟ್‌ನಲ್ಲಿ ಸೇವ್ ಮಾಡಿಕೊಳ್ಳಿ.

ಆ ರಾತ್ರಿ ಬೆಂಕಿ ಸುತ್ತ ಎಲ್ಲರೂ ಮಲಗಿದಾಗ ತಂಡದ ಹುಡುಗಿ ಲುಕಾ ಒಬ್ಬಳೇ ಎದ್ದು ಹೋಗುತ್ತಾಳೆ. ಕಾಲದ ಬಾಗಿಲೊಂದು ತೆರೆದು ಅವಳನ್ನು ಬಾಲ್ಯದ ಮನೆಗೆ ಕರೆದೊಯ್ಯುತ್ತದೆ. ಯಂತ್ರಕ್ಕೆ ಅವಳ ಅಮ್ಮನ ಬಟ್ಟೆ ಸಿಕ್ಕಿಕೊಂಡಿರುತ್ತದೆ. ನಿಲ್ಲಿಸಲು ಪಾಸ್‌ವರ್ಡ್ ಬೇಕು. ಅದು ಅಮ್ಮನ ಹೆಸರೇ, ಲಾರಾ. ಹಳೆಯ ಕಂಟ್ರೋಲರಿನಲ್ಲಿ ಎಲ್, ಎ, ಆರ್, ಎ ಗುಂಡಿಗಳನ್ನು ಒತ್ತಬೇಕು. ಸಮಯ ತುಂಬಾ ಕಡಿಮೆ. ಮೊದಲ ಸಲ ನನ್ನಿಂದ ಆಗಲಿಲ್ಲ, ತುಂಬಾ ಹೊತ್ತು ಬೇಜಾರಾಗಿತ್ತು.

ಸರಿಯಾಗಿ ಒತ್ತಿದ್ದರೆ, ಆಮೇಲೆ ಲುಕಾಳ ಮನೆಗೆ ಹೋಗಿ ನೋಡಿ. ಕುರ್ಚಿಯಲ್ಲೇ ಕೂತಿರುತ್ತಿದ್ದ ಲಾರಾ ಎದ್ದು ಓಡಾಡುತ್ತಿರುತ್ತಾಳೆ.